ಕಂಟ್ರೋಲ್-ಎಸ್ ಒತ್ತಿದ ಮಧ್ಯಾಹ್ನ

ಬಸವನಗುಡಿಯ ಸಣ್ಣ ಸಂಗೀತ ಸಭೆಯೊಂದರ ಆಫೀಸು ನೋಡಿಕೊಳ್ಳುತ್ತಿದ್ದವಳು ಮಾಧವಿ. ಆ ಸಂಜೆ ಸಭೆಯ ಸದಸ್ಯೆಯೂ ಆದ ಆಂಡಾಳ್ ಅವರ ಗಾಯನವಿತ್ತು. ಸದಸ್ಯರಿಗೆಲ್ಲ ನೆನಪಿನ ಮೆಸೇಜ್ ಹೋಗಬೇಕು. ನಿನ್ನೆ ಮೆಸೇಜ್ ಕಳಿಸಲು ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದ ಕಮಾಂಡನ್ನೇ ಹುಡುಕಿ ಎಂಟರ್ ಒತ್ತಿದರೆ ಮುಗಿಯಿತು.

ಕಂಟ್ರೋಲ್-ಆರ್ ಒತ್ತುತ್ತ ಹಳೆಯ ಸಾಲುಗಳಲ್ಲಿ ಹಿಂದೆ ಹೋದಳು. ಬೆರಳು ಒಂದು ಸಲ ಜಾಸ್ತಿಯೇ ಒತ್ತಿತು. ಬೇಕಾದದ್ದು ದಾಟಿಹೋಗಿ, ಹೋದ ತಿಂಗಳಿನ ಸಾಲು ಬಂದು ನಿಂತಿತು: ‘ಗಾಯಕರ ಅನಾರೋಗ್ಯದಿಂದ ಇಂದಿನ ಕಾರ್ಯಕ್ರಮ ರದ್ದಾಗಿದೆ.’

ಮುಂದಕ್ಕೆ ಬರಲು ಕಂಟ್ರೋಲ್-ಎಸ್ ಎಂದು ಎಲ್ಲೋ ಓದಿದ್ದ ನೆನಪು. ಒತ್ತಿದಳು. ಪರದೆ ಅಲ್ಲಾಡಲಿಲ್ಲ. ಕೀಬೋರ್ಡ್ ಕೆಟ್ಟಿತೇನೋ ಎಂದು ಎಂಟರನ್ನೂ ಕುಟ್ಟಿ ನೋಡಿದಳು. ಏನೂ ಆಗಲಿಲ್ಲ. ಮೆಸೇಜ್ ಕಳಿಸುವ ಈ ವ್ಯವಸ್ಥೆ ಮಾಡಿಕೊಟ್ಟಿದ್ದ ಗೆಳೆಯ ಅಭಿನಂದನ್‌ಗೆ ಫೋನ್ ಮಾಡಿದಳು.

“ಅಭಿ, ಹ್ಯಾಂಗ್ ಆಗ್ಬಿಟ್ಟಿದೆ ಕಣೋ.”

“ಕಂಟ್ರೋಲ್-ಎಸ್ ಒತ್ತಿದ್ಯಾ?”

“ಹೂಂ.”

“ಹಾಗಾದ್ರೆ ಹ್ಯಾಂಗ್ ಅಲ್ಲ. ಕಂಟ್ರೋಲ್-ಕ್ಯೂ ಒತ್ತು, ಬಿಟ್ಕೊಳ್ಳುತ್ತೆ.”

ಎಂಟರ್ ಕುಟ್ಟಿದ್ದನ್ನು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ.

ಒತ್ತಿದೊಡನೆ ಪರದೆಗೆ ಜೀವ ಬಂತು. ‘ಕಳಿಸಲಾಗಿದೆ, ಕಳಿಸಲಾಗಿದೆ’ ಎಂದು ಸಾಲುಗಳು ಸರಸರನೆ ಇಳಿದವು. ಯಾವ ಮೆಸೇಜ್ ಎಂದು ತಿಳಿಯುವಷ್ಟರಲ್ಲಿ ಎಲ್ಲ ಹೋಗಿ ಮುಗಿದಿತ್ತು. ಮಾಧವಿ ಮೊಬೈಲನ್ನು ಮೇಜಿನ ಮೇಲಿಟ್ಟು ಸಾಲುಗಳನ್ನು ಮೇಲಕ್ಕೆ ಸರಿಸಿ ನೋಡತೊಡಗಿದಳು. ಆ ಕಡೆ ಅಭಿನಂದನ್ “ಹಲೋ, ಹಲೋ” ಎನ್ನುತ್ತಲೇ ಇದ್ದ.

ಅಷ್ಟರಲ್ಲಿ ಆಫೀಸಿನ ಫೋನ್ ಬಡಿದುಕೊಂಡಿತು. ಆಂಡಾಳ್ ಅವರೇ.

“ಮಾಧವೀ, ನನಗೆ ಹುಷಾರಿಲ್ಲ ಅಂತ ನನಗೇ ಮೆಸೇಜ್ ಬಂದಿದೆಯಲ್ಲಮ್ಮ.”

“ತಪ್ಪಾಗಿ ಹೋಯ್ತು ಅಮ್ಮ. ನೀವು ಖಂಡಿತ ಬನ್ನಿ,” ಎಂದಳು.

ಹಳೆಯದನ್ನು ಹುಡುಕುವ ಧೈರ್ಯ ಬರಲಿಲ್ಲ. ಕಾರ್ಯಕ್ರಮ ಇದೆ, ಹಿಂದಿನ ಮೆಸೇಜ್ ತಪ್ಪಿನಿಂದ ಬಂದದ್ದು ಎಂದು ಹೊಸ ಸಾಲನ್ನೇ ಟೈಪ್ ಮಾಡಿ, ಮತ್ತೆಮತ್ತೆ ಓದಿ ಕಳಿಸಿದಳು. ಆಮೇಲೆ ಅಭಿನಂದನ್‌ಗೆ ನಡೆದದ್ದನ್ನೆಲ್ಲ ಹೇಳಿದಳು.

ಅವನು ವಿವರಿಸಿದ: “ಆ ಕೀನ ಟರ್ಮಿನಲ್ಲೇ, ಅಂದ್ರೆ ನೀನು ಟೈಪ್ ಮಾಡೋ ಆ ಪರದೆನೇ, ಹಿಡ್ಕೊಂಡ್ಬಿಡುತ್ತೆ ಕಣೇ, ಕಮಾಂಡ್ ಹುಡುಕಿ ಓಡಿಸೋ ಶೆಲ್ ತನಕ ಬಿಡೋದೇ ಇಲ್ಲ. ಅದರ ಲೆಕ್ಕದಲ್ಲಿ ಕಂಟ್ರೋಲ್-ಎಸ್ ಅಂದ್ರೆ ‘ನಿಲ್ಲು’ ಅಂತ. ನೀನು ಒತ್ತಿದ ಎಂಟರ್ ಒಳಗೆ ಕಾಯ್ತಾ ಇತ್ತು. ನಾನು ಮೊದ್ಲು ಕೇಳ್ಬೇಕಿತ್ತು.”

“ಈಗೇನ್ ಮಾಡ್ಲಿ?”

“ಎಸ್ ಟಿ ಟಿ ವೈ, ಸ್ಪೇಸ್, ಮೈನಸ್ ಐ ಎಕ್ಸ್ ಓ ಎನ್ ಅಂತ ಟೈಪ್ ಮಾಡು, ಆ ‘ನಿಲ್ಲು’ ಹೋಗ್ಬಿಡುತ್ತೆ. ಶೆಲ್‌ನ ಸೆಟ್ಟಿಂಗ್ಸ್ ಫೈಲಲ್ಲೂ ಅದನ್ನೇ ಹಾಕ್ಬಿಡು, ಪ್ರತಿ ಸಲ ತಾನಾಗೇ ಆಗುತ್ತೆ.”

ಹಾಕಿ, ಹಳೆಯ ಸಾಲುಗಳಲ್ಲಿ ಹಿಂದೆ ಹೋಗಿ ಕಂಟ್ರೋಲ್-ಎಸ್ ಒತ್ತಿದಳು. ಈ ಸಲ ಪರದೆ ನಿಲ್ಲಲಿಲ್ಲ. ಹುಡುಕಾಟ ಮುಂದಕ್ಕೆ ಸರಿಯಿತು.

ಸಂಜೆ ಸಭಾಂಗಣದ ಬಾಗಿಲಲ್ಲಿ ಆಟೋ ನಿಂತಿತು. ಆಂಡಾಳ್ ಜೊತೆಗೆ ಹಿರಿಯ ಸದಸ್ಯೆ ಗುರುಬಸಮ್ಮನೂ ಇಳಿದರು, ಕೈಯಲ್ಲಿ ಮೂಸಂಬಿ ಚೀಲ. ಎರಡನೇ ಮೆಸೇಜನ್ನು ನೋಡದೆ ಅವರು ಗಾಯಕಿಯ ಆರೋಗ್ಯ ವಿಚಾರಿಸಲು ಮನೆಗೇ ಹೋಗಿದ್ದರಂತೆ.

“ಬಾಗಿಲು ತೆಗೆದಿದ್ದೇ ಇವರು, ಕಛೇರಿಗೆ ಹೊರಟು ನಿಂತಿದ್ರು. ನನಗೆ ಎದೆ ಧಸಕ್ ಅಂತು,” ಎಂದರು ಗುರುಬಸಮ್ಮ.

ಮಾಧವಿ ತಲೆ ತಗ್ಗಿಸಿ ಚೀಲ ಇಸಿದುಕೊಂಡು ಅವರಿಗೆ ಕುರ್ಚಿ ತೋರಿಸಿದಳು.