ಇಪ್ಪತ್ತು ಗೇಜಿನ ಪಂಪು, ಒಂದು ತುಂಡು ಸಾಸೇಜು

ನನ್ನ ಮೈದುನ ಡೆಲ್ಮರ್ ನಮ್ಮ ಮನೆಗೆ ಬಂದರೆ ಮೊದಲು ಫ್ರಿಜ್ಜು ತೆಗೆಯುತ್ತಾನೆ, ಆಮೇಲೆ ಬಾಯಿ ತೆಗೆಯುತ್ತಾನೆ. ಸೆಪ್ಟೆಂಬರಿನ ಮೊದಲ ಭಾನುವಾರ ಚರ್ಚು ಮುಗಿಸಿಕೊಂಡು ನೇರ ಬಂದವನು ತಣ್ಣಗಿನ ಹಂದಿಮಾಂಸವನ್ನು ಬೆರಳಲ್ಲೇ ಎತ್ತಿ ಬಾಯಿಗೆ ಹಾಕಿಕೊಂಡು, ಒಲೆ ಪಕ್ಕ ಮಲಗಿದ್ದ ಪೆಗ್ ಕಡೆ ಅದೇ ಬೆರಳು ತೋರಿಸಿದ.

"ಆರ್ಲಿಸ್, ಈ ನಾಯೀನ ನಾನು ಕರ್ಕೊಂಡು ಹೋಗ್ತೀನಿ."

"ಯಾಕೆ? ನಿನ್ನ ಮನೇಲಿ ನಿನ್ನ ಮಾತು ಕೇಳೋರು ಯಾರೂ ಉಳಿದಿಲ್ವಾ?"

"ತಮಾಷೆ ಬೇಡ. ಬೇಟೆ ನಾಯಿ ಅದು. ವರ್ಲಿನ್ ಹೋದ ಮೇಲೆ ಒಂದು ಹಕ್ಕಿ ಕಂಡಿಲ್ಲ. ನೀನು ಅದನ್ನ ಅಡುಗೆಮನೇಲಿ ಕೂರಿಸ್ಕೊಂಡು ದಿಂಬು ಮಾಡಿಟ್ಟಿದ್ದೀಯ."

ವರ್ಲಿನ್ ನನ್ನ ಗಂಡ. ಫೆಬ್ರವರಿಯಲ್ಲಿ ಅಂಗಳದ ಹಿಮ ಎತ್ತುತ್ತಿದ್ದವನು ಸಲಿಕೆ ಹಿಡಿದೇ ಕುಸಿದ. ಅವನನ್ನು ಮೊದಲು ನೋಡಿದವಳು ಪೆಗ್. ಬಾಗಿಲು ಕೆರೆದು ನನ್ನನ್ನು ಕರೆದವಳೂ ಅವಳೇ. ಕಪ್ಪು ಲ್ಯಾಬ್ರಡಾರ್, ಏಳು ವರ್ಷ, ಊಟದ ವಿಷಯದಲ್ಲಿ ನಾಚಿಕೆಗೆಟ್ಟವಳು. ಆ ಮನೆಯಲ್ಲಿ ನನ್ನ ಜೊತೆ ಉಸಿರಾಡುವ ಜೀವ ಅಂತ ಇದ್ದದ್ದು ಅದೊಂದೇ. ಅದನ್ನು ಡೆಲ್ಮರ್‌ಗೆ ಕೊಡುವುದಕ್ಕಿಂತ ಒಲೆ, ಫ್ರಿಜ್ಜು, ಎರಡನ್ನೂ ಕಿತ್ತು ಕೊಡುತ್ತಿದ್ದೆ.

ತೊಂದರೆ ಏನೆಂದರೆ ಅವನ ಮಾತಲ್ಲಿ ಹುರುಳಿತ್ತು. ಪೆಗ್ ಹುಟ್ಟಿದ್ದು ಅವನ ಕೊಟ್ಟಿಗೆಯಲ್ಲಿ. ಮರಿಯಾಗಿದ್ದಾಗ ಅಣ್ಣನಿಗೆ ಕೊಟ್ಟು, "ಬೇಟೆಗೆ ಹೋಗ್ತಾ ಇರೋವರೆಗೂ ನಿಂದು, ನಿಲ್ಸಿದ್ರೆ ವಾಪಸ್ಸು ನಂದು" ಎಂದಿದ್ದ. ವರ್ಲಿನ್ ನನ್ನ ಮುಂದೆಯೇ ಕೈ ಕುಲುಕಿ ಒಪ್ಪಿದ್ದ. ದಕ್ಷಿಣ ಡಕೋಟಾದ ನಮ್ಮ ಕಡೆ ಕೈ ಕುಲುಕಿ ಕೊಟ್ಟ ಮಾತನ್ನು ಜನ ಮದುವೆಗಿಂತ ಗಟ್ಟಿಯಾಗಿ ನಡೆಸುತ್ತಾರೆ.

"ಹಾಗಾದ್ರೆ ಬೇಟೆಗೆ ಹೋಗ್ತಾಳೆ," ಎಂದೆ.

"ಯಾರ ಜೊತೆ?"

"ನನ್ನ ಜೊತೆ."

ಡೆಲ್ಮರ್ ನಕ್ಕ ನಗುವಿಗೆ ಮಾಂಸದ ಚೂರು ನನ್ನ ಮೇಜುಬಟ್ಟೆಯವರೆಗೂ ಹಾರಿತು. ಅರವತ್ತೆರಡು ವರ್ಷದಲ್ಲಿ ನಾನು ಹಕ್ಕಿಗಳ ಪುಕ್ಕ ಕಿತ್ತದ್ದಿದೆ, ಹುರಿದದ್ದಿದೆ, ಬಂದೂಕು ಹಿಡಿದದ್ದಿಲ್ಲ. ಕೊನೆಗೆ ಅವನೇ ಪಂಥ ಹಾಕಿದ: ಅಕ್ಟೋಬರಿನಲ್ಲಿ ಫೆಸೆಂಟ್ ಅನ್ನುವ ಕಾಡುಕೋಳಿಯ ಬೇಟೆ ಶುರುವಾಗುವ ದಿನ ನಾನೊಂದು ಹುಂಜ ಹೊಡೆಯಬೇಕು, ಪೆಗ್ ಅದನ್ನು ತಂದುಕೊಡಬೇಕು. ಎರಡೂ ಆದರೆ ನಾಯಿ ನನ್ನದು. ಒಂದು ತಪ್ಪಿದರೂ ಸಂಜೆಗೆ ಅವಳು ಅವನ ಟ್ರಕ್ಕಿನಲ್ಲಿ. ನಾನು ಕೈ ಕುಲುಕಿದೆ. ಅವನ ಕೈ ಜಿಡ್ಡುಜಿಡ್ಡಾಗಿತ್ತು.

ಮನೆಯಲ್ಲಿ ವರ್ಲಿನ್‌ನ ಪಂಪ್ ಬಂದೂಕು ಇತ್ತು. ಆದರೆ ಅವನು ಆರಡಿ ಮೇಲೆ ನಾಲ್ಕು ಅಂಗುಲ, ನಾನು ಶೂ ಹಾಕಿಕೊಂಡರೆ ಐದಡಿ. ಭುಜಕ್ಕೆ ಕೊಟ್ಟರೆ ಟ್ರಿಗರ್ರೇ ಎಟುಕಲಿಲ್ಲ. ಅವನ ಕೋಟು ಹಾಕಿಕೊಂಡಾಗಲೂ ಹೀಗೇ, ತೋಳಿನೊಳಗೆ ನಾನೇ ಕಳೆದುಹೋಗುತ್ತಿದ್ದೆ. ಅದನ್ನು ಬೀರುವಿನಲ್ಲೇ ಬಿಟ್ಟು, ಪೆಗ್‌ಳನ್ನು ಕಾರಿಗೆ ಹತ್ತಿಸಿಕೊಂಡು ಅಂಗಡಿಗೆ ಹೊರಟೆ.

ನಮ್ಮೂರಿನ ಅಂಗಡಿಯಲ್ಲಿ ಮುಂದೆ ಕರುಗಳಿಗೆ ಕುಡಿಸುವ ಹಾಲಿನ ಪುಡಿ, ಬೇಲಿ ತಂತಿ, ರಬ್ಬರ್ ಬೂಟು, ಹಿಂದೆ ಬಂದೂಕು. ನಡುವೆ ಒಂದು ಕಾಫಿ ಮೇಜು. ಅಲ್ಲಿ ಯಾವಾಗ ಹೋದರೂ ನಾಲ್ಕು ಮುದುಕರು ಇರುತ್ತಾರೆ, ಅವರನ್ನೂ ಮಾರಾಟಕ್ಕೆ ಇಟ್ಟಿದ್ದಾರೇನೋ ಅನ್ನಬೇಕು. ನಾನು ಬಂದ ವಿಷಯ ತಿಳಿದದ್ದೇ ತಡ, ನಾಲ್ವರಿಗೂ ಮೈಮೇಲೆ ದೇವರು ಬಂತು.

"ಹನ್ನೆರಡು ಗೇಜ್ ತಗೋ, ಆರ್ಲಿಸ್. ಚಿಕ್ಕದು ತಗೊಂಡು ಆಮೇಲೆ ಅಳ್ಬೇಡ."

"ಉದ್ದ ನಳಿಗೇದು ತಗೋ. ಅರ್ಧ ದಾರಿ ನಳಿಗೇನೇ ಹೋಗುತ್ತೆ."

"ನನ್ನ ಹಳೇದು ಕೊಡ್ತೀನಿ ಕಣೇ. ಸ್ವಲ್ಪ ಎಡಕ್ಕೆ ಹೊಡೆಯುತ್ತೆ ಅಷ್ಟೆ."

ಡೆಲ್ಮರ್ ಕೂಡ ಅಲ್ಲೇ ವಕ್ಕರಿಸಿದ್ದ. ಅವನದು ತಾನೇ ತೋಟಾ ತುಂಬಿಕೊಳ್ಳುವ ಇಟಲಿಯ ಬಂದೂಕು. ಅದರ ವಿಷಯ ತೆಗೆದರೆ ಮೊಮ್ಮಗಳ ಬಗ್ಗೆ ಮಾತಾಡುವ ಹಾಗೆ ಕಣ್ಣು ತೇವ ಮಾಡಿಕೊಳ್ಳುತ್ತಾನೆ. "ಪಂಪು ಯಾತಕ್ಕೆ? ಒಂದೊಂದು ಗುಂಡಿಗೂ ಹಿಂದೆ ಮುಂದೆ ಎಳೀತಾ ಕೂತ್ಕೋಬೇಕು, ಬಾವೀಲಿ ನೀರು ಸೇದೋ ಹಾಗೆ. ನಂಗೆ ಬೆರಳು ಆಡಿಸಿದ್ರೆ ಸಾಕು."

"ನಿಂಗೆ ಜೀವನ ಪೂರ್ತಿ ಬೆರಳು ಆಡಿಸಿದ್ದಷ್ಟೇ ಕೆಲ್ಸ," ಎಂದಳು ಟ್ವೈಲಾ. ನನ್ನ ಜೊತೆ ಶಾಲೆಗೆ ಬಂದವಳು, ಮೂವತ್ತು ವರ್ಷದಿಂದ ಆ ಅಂಗಡಿಯ ಬಂದೂಕಿನ ಗಲ್ಲಾದ ಹಿಂದೆ ನಿಂತವಳು. "ಮೊದಲನೇ ಬಂದೂಕು ಪಂಪೇ ಇರ್ಲಿ. ಕೆಸರು, ಚಳಿ, ಧೂಳು, ಯಾವುದಕ್ಕೂ ಜಗ್ಗಲ್ಲ. ಬಾ ಇಲ್ಲಿ, ಆರ್ಲಿಸ್. ಇವರ ಮಾತು ಕಟ್ಕೊಂಡು ಏನಾಗ್ಬೇಕು?"

ಅವಳು ಗಾಜಿನ ಮೇಲೆ ನಾಲ್ಕನ್ನು ಸಾಲಾಗಿ ಮಲಗಿಸಿದಳು. ಒಂದನ್ನು ಎತ್ತುವುದಕ್ಕೇ ಎರಡು ಜನ ಬೇಕಿತ್ತು. ಇನ್ನೊಂದರ ಮೈತುಂಬ ಎಲೆಗಳ ಚಿತ್ರ. ಕೆಳಗೆ ಬಿದ್ದರೆ ಹುಡುಕುವವರು ಯಾರು? ಮೂರನೆಯದು ಗುಲಾಬಿ ಬಣ್ಣದ್ದು.

"ಇದು ಯಾರಿಗೆ?"

"ಹೆಂಗಸರಿಗೆ ಅಂತ ಕಂಪನಿಯವರು ಕಳಿಸ್ತಾರೆ. ಕಳಿಸಿದೋನು ಗಂಡಸು."

ನಾಲ್ಕನೆಯದು ಸಾದಾ. ಕಂದು ಮರ, ಕಪ್ಪು ಕಬ್ಬಿಣ, ಇಪ್ಪತ್ತು ಗೇಜು. ಗೇಜು ಅಂದರೆ ನಳಿಗೆಯ ಅಳತೆ, ನಂಬರು ದೊಡ್ಡದಾದಷ್ಟೂ ಬಂದೂಕು ಚಿಕ್ಕದಂತೆ; ಇಂಥ ಲೆಕ್ಕ ಗಂಡಸರಿಗೇ ಹೊಳೆಯಬೇಕು. ಟ್ವೈಲಾ ನನ್ನ ಮೊಣಕೈ ಮಡಿಸಿ, ಬಂದೂಕಿನ ಬುಡವನ್ನು ಆ ಮಡಿಕೆಗೆ ಒತ್ತಿ, ಬೆರಳು ಟ್ರಿಗರ್‌ಗೆ ಸರಿಯಾಗಿ ಎಟುಕುತ್ತದೆಯೇ ಎಂದು ನೋಡಿದಳು. ಆಮೇಲೆ ಗೋಡೆಯ ಮೇಲಿನ ಜಿಂಕೆ ತಲೆ ಕಡೆ ನನ್ನನ್ನು ತಿರುಗಿಸಿದಳು.

"ಕಣ್ಣು ಮುಚ್ಚು. ಭುಜಕ್ಕೆ ತಗೋ. ಈಗ ಕಣ್ಣು ಬಿಡು. ಏನು ಕಾಣುತ್ತೆ?"

"ನಳಿಗೆ ತುದಿ. ಅದರ ಮೇಲೆ ಜಿಂಕೆ ಮೂಗು."

"ಹಾಗಾದ್ರೆ ಇದೇ ನಿಂದು. ಈಗ ಕೆಳಗಿನ ಹಿಡಿ ಹಿಂದಕ್ಕೆ ಎಳಿ, ಖಾಲಿ ತೋಟಾ ಹೊರಗೆ. ಮುಂದಕ್ಕೆ ತಳ್ಳು, ಹೊಸದು ಒಳಗೆ."

ನಾನು ಎಳೆದೆ. ಅರ್ಧಕ್ಕೇ ನಿಂತಿತು.

"ಪೂರ್ತಿ ಎಳಿಯೇ! ಹೊಸಬರೆಲ್ಲ ಮಾಡೋ ತಪ್ಪೇ ಇದು. ಅರ್ಧ ಎಳೆದ್ರೆ ತೋಟಾ ಒಳಗೇ ಸಿಕ್ಕಾಕ್ಕೊಳ್ಳುತ್ತೆ, ಹಕ್ಕಿ ಗಡಿ ದಾಟಿ ಅಯೋವಾ ಸೇರ್ಕೊಳ್ಳುತ್ತೆ. ಬಂದೂಕಿಗೆ ಮರ್ಯಾದೆ ಕೊಡ್ಬೇಡ. ಗಂಡನ ಮೇಲಿನ ಸಿಟ್ಟು ನೆನೆಸ್ಕೋ."

ಹೇಳದೆ ಕೇಳದೆ ಫೆಬ್ರವರಿಯಲ್ಲಿ ಹೊರಟುಹೋದ ಗಂಡನ ಮೇಲಿನ ಸಿಟ್ಟು ನನ್ನಲ್ಲಿ ಬೇಕಾದಷ್ಟಿತ್ತು. ಎಳೆದು ತಳ್ಳಿದೆ. ಶರಕ್-ಶರಕ್ ಅಂತು. ಕಾಫಿ ಮೇಜಿನ ಕೆಳಗೆ ಮಲಗಿದ್ದ ಪೆಗ್ ಚಂಗನೆ ಎದ್ದಳು, ಒಬ್ಬ ಮುದುಕನ ಕಾಫಿ ಅವನ ಮಡಿಲಿಗೆ ಹೋಯಿತು. ಏಳು ತಿಂಗಳಿಂದ ಆ ನಾಯಿ ಹಾಗೆ ಕಿವಿ ನೆಟ್ಟಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಅಲ್ಲೇ ಬಂದೂಕು ಕೊಳ್ಳುವ ಅರ್ಜಿ ತುಂಬಿದೆ.

ಟ್ವೈಲಾ ಕೊಟ್ಟ ಕಟ್ಟಪ್ಪಣೆ ಇದು: ಮದ್ದಿಲ್ಲದ ಸುಳ್ಳು ತೋಟಾ ಹಾಕಿಕೊಂಡು ದಿನಕ್ಕೆ ನೂರು ಸಲ ಎಳೆದು ತಳ್ಳಬೇಕು, ಕೈ ತಾನಾಗೇ ಮಾಡುವವರೆಗೂ. ನಾನು ಅಡುಗೆಮನೆಯಲ್ಲಿ ಶುರು ಮಾಡಿದೆ. ಆದರೆ ಮೊದಲ ಶರಕ್-ಶರಕ್‌ಗೇ ಪೆಗ್ ಹುಚ್ಚು ಹಿಡಿದವಳಂತೆ ಬಾಗಿಲಿಗೆ ನುಗ್ಗಿ, ಕುರ್ಚಿ ಬೀಳಿಸಿ, ಹಕ್ಕಿ ಸಿಗದೆ ಬಿಸಿ ಪಾತ್ರೆ ಇಳಿಸುವ ನನ್ನ ಕೈಗವಸನ್ನೇ ಕಚ್ಚಿ ತಂದಳು. ಎರಡನೆಯದಕ್ಕೆ ಚಪ್ಪಲಿ. ಮೂರನೆಯದಕ್ಕೆ ಪಾದ್ರಿಯ ಹೆಂಡತಿ ಕೊಟ್ಟಿದ್ದ ಕುಸುರಿ ದಿಂಬು. ನೂರರವರೆಗೆ ಹೋಗಿದ್ದರೆ ಮನೆಯನ್ನೇ ತಂದು ಕಾಲಬುಡದಲ್ಲಿ ಹಾಕುತ್ತಿದ್ದಳು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಶರಕ್-ಶರಕ್ ಆದ ಕೂಡಲೇ, "ಕೂತ್ಕೋ ಪೆಗ್," ಅಂತ ಒಂದು ಚೂರು ಸಾಸೇಜು. ಎರಡೇ ದಿನದಲ್ಲಿ ಸದ್ದಾಯಿತೆಂದರೆ ನನ್ನ ಮುಂದೆ ಬಂದು ಕೂತು ಬಾಯಿ ತೆರೆಯುತ್ತಿದ್ದಳು. ಎಷ್ಟು ಜಾಣೆ ಅಂತ ನಾನು ಬೀಗಿದ್ದೇ ಬೀಗಿದ್ದು.

ಆರು ವಾರ ಹೀಗೇ ನಡೆಯಿತು. ಟ್ವೈಲಾ ಭಾನುವಾರಗಳಲ್ಲಿ ನನ್ನನ್ನು ಜಲ್ಲಿ ಗುಂಡಿಗೆ ಕರೆದುಕೊಂಡು ಹೋಗಿ ಮಣ್ಣಿನ ಬಿಲ್ಲೆ ಹಾರಿಸಿ ಹೊಡೆಯಲು ಕಲಿಸಿದಳು. ಪೆಗ್ ಮನೆಯಲ್ಲೇ ಇರುತ್ತಿದ್ದಳು. ಹತ್ತಕ್ಕೆ ಆರು ಒಡೆಯುವಷ್ಟು ನಾನು ಕಲಿತೆ. ಪೆಗ್ ಎರಡು ಸುತ್ತು ದಪ್ಪಗಾದಳು.

ಬೇಟೆಯ ದಿನ ಬೆಳಿಗ್ಗೆ ಹತ್ತಕ್ಕೆ ಡೆಲ್ಮರ್‌ನ ಜೋಳದ ಹೊಲದಲ್ಲಿ ಎಲ್ಲರೂ ಕಿತ್ತಳೆ ಟೋಪಿ ಹಾಕಿಕೊಂಡು ಸಾಲು ನಿಂತೆವು. ನನ್ನ ಎಡಕ್ಕೆ ಡೆಲ್ಮರ್, ಬಲಕ್ಕೆ ಟ್ವೈಲಾ.

"ಮೊದಲನೇ ಹುಂಜ ಆರ್ಲಿಸ್‌ದು," ಡೆಲ್ಮರ್ ಸಾಲಿಗೆಲ್ಲ ಕೂಗಿ ಹೇಳಿದ. "ಅಲ್ಲೀವರೆಗೂ ಯಾರೂ ಹೊಡೀಬೇಡಿ. ಆಮೇಲೆ ನಮ್ಮಿಂದ ಸೋತೆ ಅನ್ಬಾರ್ದು ನೋಡಿ."

ಇನ್ನೂರು ಹೆಜ್ಜೆ ನಡೆದಿರಬೇಕು. ಪೆಗ್‌ಳ ಬಾಲ ಗಿರಗಿರ ತಿರುಗತೊಡಗಿತು. ಒಮ್ಮೆಲೇ ನನ್ನ ಕಾಲಬುಡದಿಂದಲೇ ಹಕ್ಕಿ ಎದ್ದಿತು. "ಹೇಂಟೆ! ಹೇಂಟೆ!" ಎಂದು ಎಲ್ಲರೂ ಕೂಗಿದರು; ಹೇಂಟೆ ಹೊಡೆದರೆ ದಂಡ. ಅದರ ಹಿಂದೆಯೇ ಇನ್ನೊಂದು, ಕೆಂಪು ಮುಖ, ಬಿಳಿ ಕಾಲರು, ಉದ್ದ ಬಾಲ. "ಹುಂಜ!" ಎಂದಳು ಟ್ವೈಲಾ. ನನ್ನ ಕೆನ್ನೆ ಮರಕ್ಕೆ ಕೂತಿತು, ನಳಿಗೆ ತುದಿಯಲ್ಲಿ ಕೊಕ್ಕು ಕಂಡಿತು, ಹೊಡೆದೆ. ಹುಂಜ ರೆಕ್ಕೆ ಮಡಚಿಕೊಂಡು ಆಚೆಯ ಜೊಂಡಿನೊಳಗೆ ಬಿತ್ತು. ದೇವರಾಣೆ, ನಾನೇ ಹೊಡೆದೆ! ನನ್ನ ಕೈ ಕಲಿತ ಹಾಗೆಯೇ ಎಳೆಯಿತು, ತಳ್ಳಿತು. ಶರಕ್-ಶರಕ್.

ಜೊಂಡಿನ ಕಡೆ ಹಾರಿದ್ದ ಪೆಗ್ ನಡುದಾರಿಯಲ್ಲಿ ಗಕ್ಕನೆ ನಿಂತಳು. ತಿರುಗಿದಳು. ಓಡಿ ಬಂದು ನನ್ನ ಮುಂದೆ ನೀಟಾಗಿ ಕೂತು ಬಾಯಿ ತೆರೆದಳು.

ಸಾಲೆಲ್ಲ ನಮ್ಮ ಕಡೆ ತಿರುಗಿತು.

"ಹೋಗೇ ಪೆಗ್! ತಗೊಂಡ್ಬಾ!" ಎಂದೆ. ಅವಳು ನನ್ನ ಜೇಬು ನೋಡಿದಳು. ಡೆಲ್ಮರ್ ಸೀಟಿ ಊದಿದ, ಕೈ ಬೀಸಿದ, ಬೈದ. ಅವಳು ಕದಲಲಿಲ್ಲ. ಜೊಲ್ಲು ನನ್ನ ಬೂಟಿನ ಮೇಲೆ ಬಿತ್ತು.

"ಏನು ಮಾಡಿದ್ದೀಯ ಇದಕ್ಕೆ?" ಎಂದ ಡೆಲ್ಮರ್.

ಸುಳ್ಳು ಹೊಳೆಯಲಿಲ್ಲ. ಸಾಸೇಜಿನ ವಿಷಯ ಹೇಳಿದೆ. ಸಾಲಿನ ಕೊನೆಯವರೆಗೂ ನಗು ಹೋಯಿತು. ನಾನು ಬಂದೂಕನ್ನು ಟ್ವೈಲಾ ಕೈಗೆ ಕೊಟ್ಟು, ಜೊಂಡಿನೊಳಗೆ ಮೊಣಕಾಲೂರಿ ತೆವಳಿ, ಹುಂಜನನ್ನು ಹುಡುಕಿ, ತಲೆತುಂಬ ಜೊಂಡಿನ ಹತ್ತಿ ಮೆತ್ತಿಕೊಂಡು ಹೊರಬಂದು ಅದನ್ನು ಡೆಲ್ಮರ್‌ನ ಬೂಟಿನ ಮುಂದೆ ಹಾಕಿದೆ.

"ತಂದಿದ್ದೀನಿ. ಸಾಸೇಜು ಕೊಡು."

ಅವನು ನಗಲಿಲ್ಲ. "ಅಣ್ಣ ಎಷ್ಟು ಕಷ್ಟಪಟ್ಟು ಕಲ್ಸಿದ್ದ ಗೊತ್ತಾ? ಎಲ್ಲಾನೂ ಆರು ವಾರದಲ್ಲಿ ತಿನ್ಸಿ ಅಳಿಸಿಬಿಟ್ಯಲ್ಲೇ." ಆ ಮಾತು ನನಗೆ ಎದೆಗೇ ನಾಟಿತು. ವರ್ಲಿನ್‌ನ ಕೈಬರಹವನ್ನೇ ಒರೆಸಿಹಾಕಿದಂತೆ ಅನ್ನಿಸಿತು. ಅವನು ಪೆಗ್ ಕಡೆ ಒಮ್ಮೆ ನೋಡಿ ಮುಖ ಸಿಂಡರಿಸಿದ. "ನಂಗೆ ಬೇಡ ಈ ನಾಯಿ. ಗುಂಡು ಹೊಡೆದ್ರೆ ಊಟಕ್ಕೆ ಕೂತ್ಕೊಳ್ಳೋ ನಾಯಿ ಇಟ್ಕೊಂಡು ಮಿನಿಯಾಪೊಲಿಸ್‌ನಿಂದ ಬೇಟೆಗೆ ಬರೋ ಪೇಟೆಯವರ ಮುಂದೆ ಮಾನ ಕಳ್ಕೊಳ್ಲಾ? ನೀನೇ ಇಟ್ಕೋ. ಮೊದಲು ಕಾರಿಗೆ ಹಾಕು, ಬೇರೆ ನಾಯಿಗಳು ನೋಡಿ ಕಲ್ತಾವು."

ಕಾರಿನವರೆಗೂ ಟ್ವೈಲಾ ಜೊತೆಗೆ ಬಂದಳು. ಬಾಗಿಲು ಹಾಕಿದ ಮೇಲೆ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಆರ್ಲಿಸ್, ಅವಳು ಕೂತದ್ದು ಗುಂಡಿಗಲ್ಲ, ಪಂಪಿನ ಸದ್ದಿಗೆ. ಡೆಲ್ಮರ್ ಬಂದೂಕಲ್ಲಿ ಪಂಪೇ ಇಲ್ವಲ್ಲೇ."

ನನಗೂ ಆಗಲೇ ಹೊಳೆದದ್ದು. "ಬಾಯಿ ಮುಚ್ಕೋ, ಟ್ವೈಲಾ," ಎಂದೆ.

ಮಂಗಳವಾರ ಮಧ್ಯಾಹ್ನ ನಾನೂ ಪೆಗ್ಗೂ ಇಬ್ಬರೇ ನಮ್ಮ ಹೊಲದ ಹಿಂದಿನ ಜವುಗಿಗೆ ಹೋದೆವು. ಹುಂಜ ಎದ್ದಿತು, ಹೊಡೆದೆ, ಬಿತ್ತು. ಹಿಡಿಯ ಮೇಲಿದ್ದ ಎಡಗೈಯನ್ನು ಕಳ್ಳನ ಕೈ ಹಿಡಿದ ಹಾಗೆ ಅದುಮಿ ಹಿಡಿದೆ. ಎಳೆಯಲಿಲ್ಲ. ಸದ್ದಿಲ್ಲ.

ಪೆಗ್ ಬಾಣದ ಹಾಗೆ ಹೋದಳು. ನೀರು ದಾಟಿ, ಜೊಂಡು ಸೀಳಿ, ಹುಂಜನನ್ನು ಒಂದು ಪುಕ್ಕವೂ ಮುರಿಯದ ಹಾಗೆ ಮೆತ್ತಗೆ ಕಚ್ಚಿಕೊಂಡು, ತಲೆ ಎತ್ತಿಕೊಂಡು ಹೊರಬಂದಳು. ವರ್ಲಿನ್ ಕಲಿಸಿದ್ದು ಅಷ್ಟೂ ಅಲ್ಲೇ ಇತ್ತು, ಒಂದಕ್ಷರ ಅಳಿಸಿರಲಿಲ್ಲ. ನಾನು ನಿಂತಲ್ಲೇ ಗೊಳೋ ಎಂದು ಅತ್ತೆ. ಫೆಬ್ರವರಿಯಿಂದ ಹಾಗೆ ಅತ್ತಿರಲಿಲ್ಲ.

ಅಷ್ಟರಲ್ಲಿ ದಿಬ್ಬದ ಮೇಲೆ ಧೂಳು ಕಂಡಿತು. ಡೆಲ್ಮರ್‌ನ ಟ್ರಕ್ಕು. ನಮ್ಮ ಬೇಲಿಯ ಹತ್ತಿರ ನಿಧಾನವಾಯಿತು, ಕಿಟಕಿಯ ಗಾಜು ಇಳಿಯಿತು. ಪೆಗ್ ಹುಂಜನನ್ನು ಹಿಡಿದು ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದಳು; ಜೊಂಡಿನ ಅಂಚು ದಾಟಿದರೆ ಅವನ ಕಣ್ಣಿಗೇ ಬೀಳುತ್ತಿದ್ದಳು.

ನಾನು ಮೂಗು ಒರೆಸಿಕೊಂಡು, ನಳಿಗೆಯನ್ನು ಆಕಾಶಕ್ಕೆ ಮಾಡಿ, ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿದೆ.

ಶರಕ್-ಶರಕ್.

ಪೆಗ್ ಹುಂಜನನ್ನು ಜೊಂಡಿನೊಳಗೇ ಉಗುಳಿ, ಬಾಲ ಅಲ್ಲಾಡಿಸುತ್ತ ಬಯಲಿಗೆ ಬಂದು, ನನ್ನ ಮುಂದೆ ಕೂತು ಬಾಯಿ ತೆರೆದಳು. ಡೆಲ್ಮರ್ ಬಹಳ ಹೊತ್ತು ನೋಡಿದ. ಸಾವಿನ ಮನೆಯಲ್ಲಿ ಅಲ್ಲಾಡಿಸುವ ಹಾಗೆ ತಲೆ ಅಲ್ಲಾಡಿಸಿ, ಗಾಜು ಏರಿಸಿಕೊಂಡು ಹೊರಟುಹೋದ.

ನಾನು ಜೇಬಿನಿಂದ ಸಾಸೇಜು ತೆಗೆದು, ಚೂರಲ್ಲ, ಇಡೀ ತುಂಡೇ ಕೊಟ್ಟೆ.

"ಹೋದ ಕಣೇ," ಎಂದೆ. "ಈಗ ತಗೊಂಡ್ಬಾ ಹೋಗು."