ಎಲ್ಲದಕ್ಕೂ ಆಯ್ತು

ಈರುಳ್ಳಿ ಕೀಳುವ ಕಾಲ. ಬಿಸಿಲೇರುವ ಮೊದಲೇ ತೂಕದ ಅಂಗಳದಲ್ಲಿ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ನಿಂತು ಗುಡುಗುತ್ತಿದ್ದವು. ಹಮಾಲರು ಮೂಟೆ ಇಳಿಸುತ್ತಿದ್ದರು. ತಕ್ಕಡಿಯ ಪಕ್ಕ ಚಿಕ್ಕಮ್ಮ ಕೈಗವಸು ತೊಟ್ಟು, ದಪ್ಪ ರಬ್ಬರು ಹೊದಿಸಿದ ಫೋನು ಹಿಡಿದು ನಿಂತಿದ್ದಳು. ಮೂಟೆ ಬಿದ್ದೊಡನೆ ಅವಳು ಫೋನಿನ ಬದಿಯ ಬಟನ್ ಒತ್ತಬೇಕು, ಅದು ತಕ್ಕಡಿಯ ತೂಕ ಓದಿ ಕೂಗಿ ಹೇಳಬೇಕು. ಬಿಸಿಲಿಗೆ ಪರದೆ ಯಾರಿಗೂ ಕಾಣದು. ಆ ಅಂಗಳದಲ್ಲಿ ಕಿವಿಗೆ ಬಿದ್ದದ್ದೇ ತೂಕ.

ಹೊಸ ಆ್ಯಪ್ ಹಾಕಿದಂದಿನಿಂದ ಫೋನು ಕೂಗುತ್ತಿರಲಿಲ್ಲ, ಗೊಣಗುತ್ತಿತ್ತು. ಅದು ಗೊಣಗಿದ್ದನ್ನು ಚಿಕ್ಕಮ್ಮನೇ ಕಿವಿಗೊಟ್ಟು ಕೇಳಿ ಸಾಲಿಗೆ ಹೇಳಬೇಕಾಗಿತ್ತು.

“ಫೋನೂ ನುಂಗ್ತದೆ, ಹಿಡ್ಕೊಂಡೋರೂ ತೂಕ ನುಂಗ್ತಾರೆ,” ಎಂದ ಸಾಲಿನ ಮುಂದಿದ್ದ ಮುದುಕ. ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು. “ಈಯಮ್ಮ ಕಳ್ಳಿ ಕಣ್ರಯ್ಯಾ!”

ಸಾಲು ಗೊಳ್ಳೆಂದಿತು. ಅಂಗಳದ ಮೇಸ್ತ್ರಿ ನಗಲಿಲ್ಲ. “ಮಧ್ಯಾಹ್ನದೊಳಗೆ ಸರಿಹೋಗ್ಲಿಲ್ಲ ಅಂದ್ರೆ ತಕ್ಕಡಿ ಬಿಟ್ಬಿಡಿ ಅಮ್ಮಾ. ಬೇರೆಯವರನ್ನ ನಿಲ್ಲಿಸ್ತೀನಿ.”

ಪಕ್ಕದ ಮೂಟೆಗಳ ಮೇಲೆ ಕುಳಿತು ಚಿಕ್ಕಮ್ಮನ ಕೈಯ ಫೋನಿಗೆ ಲ್ಯಾಪ್‌ಟಾಪಿನ ತಂತಿ ಜೋಡಿಸುತ್ತಿದ್ದ ಅವಳ ಅಕ್ಕನ ಮಗಳ ಮೈ ಉರಿಯಿತು. ಆ ಆ್ಯಪ್ ಬರೆದವಳು ಅವಳೇ.

“ದನಿ ಏರಿಸೋ ಬಟನ್ ಒತ್ತು ಚಿಕ್ಕಮ್ಮ.”

“ಒತ್ತಿ ಒತ್ತಿ ಬೆರಳೇ ಸವೆದೋಯ್ತು ಕಣೇ. ಕಲ್ಲು ಒತ್ತಿದಂಗಿದೆ!”

ಒತ್ತಿದ್ದು ಪ್ರತಿ ಸಲವೂ ಲ್ಯಾಪ್‌ಟಾಪಿನಲ್ಲಿ ಕಾಣುತ್ತಿತ್ತು. ಎಲ್ಲ ಜಾತಿಯ ಫೋನುಗಳಲ್ಲೂ ಆ್ಯಪಿನ ಕಿಟಕಿ ತೆರೆದು, ಬೆರಳು ತಾಕಿದ್ದನ್ನೂ ಬಟನ್ ಒತ್ತಿದ್ದನ್ನೂ ಅದಕ್ಕೆ ಮುಟ್ಟಿಸುವ, ಬೇರೆಯವರು ಬರೆದಿಟ್ಟ ಕೋಡಿನ ಲೈಬ್ರರಿಯೊಂದನ್ನು ಅವಳು ಬಳಸಿದ್ದಳು. ತಪ್ಪಿದ್ದದ್ದು ಅದರಲ್ಲಿ. ಯಾವ ಬಟನ್ ಬಂದರೂ ಅದು ಫೋನಿಗೆ ‘ಆಯ್ತು, ನಾನು ನೋಡಿಕೊಂಡೆ’ ಎನ್ನುತ್ತಿತ್ತು. ನೋಡಿಕೊಳ್ಳುತ್ತಿರಲಿಲ್ಲ. ಫೋನು ಮಾತ್ರ ಆ ಮಾತು ನಂಬಿ ದನಿ ಏರಿಸದೆ ಸುಮ್ಮನಾಗುತ್ತಿತ್ತು.

ಇದನ್ನು ಅವಳು ಮೊದಲೇ ಕಂಡಿದ್ದಳು, ತಿದ್ದಿ ಕಳಿಸಿಯೂ ಇದ್ದಳು. ಲೈಬ್ರರಿ ನೋಡಿಕೊಳ್ಳುವಾತನಿಗೆ ಎಲ್ಲರ ಬಾಯಲ್ಲೂ ದೊಡ್ಡಣ್ಣ ಎಂದೇ ಹೆಸರು. “ಆಯ್ತಮ್ಮ, ನೋಡ್ತೀನಿ,” ಎಂದಿದ್ದ ಆತ. ಅವಳೂ ನಂಬಿದ್ದಳು.

ಈಗ ಫೋನು ಮಾಡಿದಳು.

“ಅದಾ? ನೋಡ್ತೀನಿ ಅಂದಿದ್ನಲ್ಲಮ್ಮ. ಇನ್ನೊಂದು ಜಾತಿ ಫೋನಲ್ಲಿ ಈ ಬಟನ್ ನಮ್ಮ ಕೈಗೇ ಬರೋಲ್ಲ. ಎಲ್ಲಾ ಕಡೆ ಒಂದೇ ಥರ ಇರ್ಬೇಕಲ್ವಾ, ಯೋಚನೆ ಮಾಡ್ಬೇಕು.”

“ಅಲ್ಲಿ ನಿಮ್ಮ ಕೈಗೆ ಬರದೇ ಇರೋದಕ್ಕೇ ದನಿ ಏರ್ತದೆ ದೊಡ್ಡಣ್ಣ!”

“ಅಷ್ಟಕ್ಕೂ ಈ ಕಾಲದಲ್ಲಿ ಬಟನ್ ಯಾರಮ್ಮ ಒತ್ತುತ್ತಾರೆ?”

“ಕೈಗವಸು ತೊಟ್ಟವರು ಒತ್ತುತ್ತಾರೆ! ಇಲ್ಲಿ ನಮ್ಮ ಚಿಕ್ಕಮ್ಮನ್ನ ಕಳ್ಳಿ ಅಂತಿದಾರೆ. ಆಗೋಲ್ಲ ಅಂದ್ರೆ ಆಗೋಲ್ಲ ಅನ್ನಿ, ಇನ್ನೊಬ್ರಾದ್ರೂ ಮಾಡ್ತಾರೆ. ನೀವೂ ಮಾಡೋಲ್ಲ, ಮಾಡೋರಿಗೂ ಬಿಡೋಲ್ಲ. ಎಲ್ಲದಕ್ಕೂ ಆಯ್ತು, ಆಯ್ತು, ಆಯ್ತು!”

“ಸ್ವಲ್ಪ ಮರ್ಯಾದೆ ಇರ್ಲಮ್ಮ.”

“ನಾನೂ ಅದನ್ನೇ ಕೇಳ್ತಿರೋದು,” ಎಂದು ಕರೆ ಕತ್ತರಿಸಿದಳು.

ಲೈಬ್ರರಿಯ ಒಂದು ಪ್ರತಿಯನ್ನು ತನ್ನದಾಗಿ ಇಳಿಸಿಕೊಂಡಳು. ಇನ್ನು ಮುಂದೆ ಅದರ ಹೊರೆಯೆಲ್ಲ ತನ್ನ ತಲೆಗೇ ಎಂದು ಗೊತ್ತಿತ್ತು. ಇಷ್ಟು ದಿನ ಹಿಂಜರಿದಿದ್ದೂ ಅದಕ್ಕೇ. ತೂಕದ ಬಟನ್ ಒಂದನ್ನು ಮಾತ್ರ ಇಟ್ಟುಕೊಂಡು, ಉಳಿದದ್ದಕ್ಕೆಲ್ಲ ‘ನನ್ನದಲ್ಲ, ನೀನೇ ನೋಡು’ ಎಂದು ಫೋನಿಗೆ ಮರಳಿಸುವಂತೆ ತಿದ್ದಿದಳು. ಹಲ್ಲು ಕಚ್ಚಿಕೊಂಡೇ ತಿದ್ದಿ, ಫೋನಿಗೆ ಹಾಕಿದಳು.

ಚಿಕ್ಕಮ್ಮ ದನಿಯ ಬಟನ್ ಒತ್ತಿದಳು, ಇನ್ನೂ ಒತ್ತಿದಳು. “ಮೀಸೆ ಮಾವನ ಮೂಟೆ ಇನ್ನೊಂದ್ಸಲ ಹಾಕ್ರೋ.”

“ನಲವತ್ತೊಂಬತ್ತು ಕಿಲೋ!” ಎಂದು ಫೋನು ಅರಚಿತು. ಸಾಲಿನ ಕೊನೆಯಲ್ಲಿದ್ದವನೂ ತಲೆಯೆತ್ತಿದ. ಬೆಳಿಗ್ಗೆ ಚಿಕ್ಕಮ್ಮ ಹೇಳಿದ್ದೂ ಅಷ್ಟೇ.

“ಹೂಂ, ಸರಿ. ಮುಂದಿನ್ದು ಹಾಕಿ,” ಎಂದ ಮೀಸೆ.

“ಒಂದು ಮಾತು ಅಂದ್ರಲ್ಲ ಮಾವ, ಅದನ್ನ ವಾಪಸ್ ತಗೊಳ್ಳಿ,” ಎಂದಳು ಚಿಕ್ಕಮ್ಮ.

“ಯಾವ ಮಾತು? ದನಿ ಸರಿಹೋಯ್ತಲ್ಲ, ಬಿಡಮ್ಮ ಅತ್ಲಾಗೆ.”

ಮೇಸ್ತ್ರಿ ಆಕಾಶ ನೋಡತೊಡಗಿದ. ಚಿಕ್ಕಮ್ಮ ಮೂಟೆಯನ್ನು ಕಾಲಿನಿಂದ ಕೆಳಗೆ ನೂಕಿ, ಸೆರಗು ಕೊಡವಿ, ತಕ್ಕಡಿಯ ಮೇಲೆ ತಾನೇ ಚಕ್ಕಳಮಕ್ಕಳ ಹಾಕಿ ಕುಳಿತಳು. ಬಟನ್ ಒತ್ತಿದಳು.

“ಅರವತ್ತೆರಡು ಕಿಲೋ!”

ಯಾರೂ ನಗಲಿಲ್ಲ. ಅವಳು ತಕ್ಕಡಿ ಬಿಟ್ಟು ಏಳಲಿಲ್ಲ, ಮೀಸೆಯ ಮುಖದಿಂದ ಕಣ್ಣನ್ನೂ ಕೀಳಲಿಲ್ಲ. ಸಾಲಿನಲ್ಲಿ ಒಂದೊಂದೇ ಟ್ರ್ಯಾಕ್ಟರಿನ ಎಂಜಿನ್ ಆರತೊಡಗಿತು.