ನರಿಗೆ ಚಳಿಗಾಲದ ಲಾಳ

ಗೌತೆಯ ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ಮೂವರು ಅಣ್ಣತಮ್ಮಂದಿರು ಹಿಮದ ಬೆಟ್ಟ ದಾಟಲು ಹೊರಡುತ್ತಾರೆ. ಬೆಟ್ಟದ ಆಚೆ ಏನಿತ್ತು ಅನ್ನುವುದು ಅವತ್ತು ಅಜ್ಜಿಯ ಮನಸ್ಸು ಹೇಗಿದೆ ಅನ್ನುವುದರ ಮೇಲೆ. ಒಂದು ದಿನ ರಾಜಕುಮಾರಿ, ಇನ್ನೊಂದು ದಿನ ತಪ್ಪಿಸಿಕೊಂಡ ಹಸು. ಬೆಟ್ಟದ ಬುಡದ ಕಮ್ಮಾರ ಮಾತ್ರ ಎಂದೂ ಬದಲಾಗುತ್ತಿರಲಿಲ್ಲ. ಕುದುರೆಗೆ ಯಾವ ಲಾಳ ಹೊಡೆಯಲಿ ಎಂದು ಅವನು ಕೇಳುತ್ತಾನೆ. ದೊಡ್ಡವನು ಚಿನ್ನದ್ದು ಅನ್ನುತ್ತಾನೆ, ನಡುವಿನವನು ಬೆಳ್ಳಿಯದು. ಕಿರಿಯವನು ತಲೆ ಕೆರೆದುಕೊಂಡು, ಮೊಳೆ ಇರುವ ಕಬ್ಬಿಣದ್ದೇ ಹೊಡಿ ಮಾರಾಯ ಅನ್ನುತ್ತಾನೆ. ಬೆಟ್ಟ ದಾಟಿದವನು ಯಾರು ಹೇಳು ಅನ್ನುವುದಕ್ಕೆ ಅಜ್ಜಿ ಬಾಯಿ ತೆರೆಯುವ ಮೊದಲೇ ಗೌತೆ, ಕಿರಿಯವನು ಎಂದು ಕೂಗಿಬಿಡುತ್ತಿದ್ದ.

ಈಗ ಅವನಿಗೆ ನಲವತ್ತೊಂದು. ಅಜ್ಜಿ ಮಣ್ಣಾಗಿ ಇಪ್ಪತ್ತು ವರ್ಷ. ನವೆಂಬರಿನ ಕೊನೆಯ ಮಂಗಳವಾರ, ಯೈಲೋ ಊರಿನ ಟೈರು ಅಂಗಡಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ. ಅವನ ಕೆಂಪು ಕಾರು ಚಕ್ರಗಳನ್ನು ಕಳಚಿಕೊಂಡು, ನೆಲದಿಂದ ಆಳೆತ್ತರದಲ್ಲಿ ಲಿಫ್ಟಿನ ಮೇಲೆ ಬೆತ್ತಲೆಯಾಗಿ ಕೂತಿತ್ತು. ಅದನ್ನು ನೋಡುತ್ತಿದ್ದವನಿಗೆ ಆ ಕಮ್ಮಾರನ ನೆನಪು ಬಂತು.

ಇಲ್ಲಿಯ ಕಮ್ಮಾರ ಹೆಂಗಸು. ಬೊರ್ಗಿಲ್ಡ್‌ಗೆ ಅರವತ್ತು ದಾಟಿದೆ, ಮೊಣಕಾಲು ಹೋಗಿದೆ, ನಾಲಿಗೆಗೆ ಮಾತ್ರ ಇನ್ನೂ ತುಕ್ಕು ಹಿಡಿದಿಲ್ಲ. ಊರಿನ ಅರ್ಧ ಜನರ ಬೇಸಿಗೆ ಚಕ್ರಗಳು ಅವಳ ಉಗ್ರಾಣದಲ್ಲಿ ಹೆಸರು ಬರೆಸಿಕೊಂಡು ಚಳಿಗಾಲ ಕಳೆಯುತ್ತವೆ. ಯಾರ ಟೈರು ಯಾವ ಕಡೆ ಸವೆದಿದೆ ಅನ್ನುವುದರ ಮೇಲೆ ಆ ಮನೆಯ ಸಂಸಾರ ಹೇಗಿದೆ ಎಂದು ಹೇಳಬಲ್ಲೆ ಅನ್ನುತ್ತಿದ್ದಳು. ಗೌತೆಯ ಟೈರಿನ ಬಗ್ಗೆ ಮಾತ್ರ ಅವಳು ಏನೂ ಹೇಳಿರಲಿಲ್ಲ. ಹೇಳಲು ಉಳಿದದ್ದಾದರೂ ಏನು, ಊರಿಗೆಲ್ಲ ಗೊತ್ತಿತ್ತು.

ಗಂಡಹೆಂಡಿರು ಬೇರೆಯಾಗಿ ನಾಲ್ಕು ವರ್ಷ. ಮಾರಿತ್ ಮಗಳನ್ನು ಕರೆದುಕೊಂಡು ತನ್ನ ತವರಿಗೆ, ಬೆಟ್ಟದ ಆಚೆಯ ಐಡ್‌ಫ್ಯೋರ್ಡಿಗೆ ಹೋಗಿದ್ದಳು. ಎರಡು ವಾರಕ್ಕೊಮ್ಮೆ ಶುಕ್ರವಾರ ಗೌತೆ ಬೆಟ್ಟದ ನೆತ್ತಿಯ ಹಾರ್ಡಾಂಗರ್ ಬಯಲು ದಾಟಿ ಹೋಗಿ ಮಗಳು ಸುನ್ನಿವಾಳನ್ನು ಕರೆತರಬೇಕು, ಭಾನುವಾರ ಬಿಟ್ಟು ಬರಬೇಕು. ಬೇಸಿಗೆಯಲ್ಲಿ ಅದು ಒಂದೂವರೆ ಗಂಟೆಯ ದಾರಿ. ಚಳಿಗಾಲದಲ್ಲಿ ಗಾಳಿ ಎದ್ದರೆ ದಾರಿಯೇ ಅಲ್ಲ. ಆಗ ತಡೆಗೇಟಿನ ಹತ್ತಿರ ಕಾದು ನಿಂತು, ಹಿಮ ತಳ್ಳುವ ಲಾರಿಯ ಹಿಂದೆ ಇಪ್ಪತ್ತು ಕಾರುಗಳು ಒಂದರ ಬಾಲ ಒಂದು ಹಿಡಿದು ದಾಟಬೇಕು. ಯಾವ ಕಾರು ಸಾಲಿಗೆ ಸೇರಬಹುದು, ಯಾವುದು ಬೇಡ ಅನ್ನುವುದು ಗೇಟಿನವನ ಮಾತು. ಅದರ ಮೇಲೆ ದೂರು ಇಲ್ಲ, ದೇವರೂ ಇಲ್ಲ.

ಹೋದ ಚಳಿಗಾಲದಲ್ಲಿ ಗೌತೆಗೆ ಆರು ಸಲ ಹೋಗಲಾಗಿರಲಿಲ್ಲ. ಈ ಸಲ ಇನ್ನೂ ಚಳಿಗಾಲ ಕಣ್ಣು ಬಿಡುವ ಮೊದಲೇ ಎರಡು ತಪ್ಪಿದ್ದವು. ಮೊದಲನೆಯದಕ್ಕೆ ರಸ್ತೆಯೇ ಮುಚ್ಚಿತ್ತು. ಎರಡನೆಯದಕ್ಕೆ ಗೇಟಿನವನು ಸವೆದ ಟೈರಿನ ಮೇಲೆ ಹೆಬ್ಬೆರಳು ಆಡಿಸಿ, ಈ ಚಪ್ಪಲಿ ಹಾಕಿಕೊಂಡು ಇವತ್ತು ಬೇಡ, ಮನೆಗೆ ಹೋಗು ಎಂದು ಕಳಿಸಿದ್ದ. ಅವತ್ತು ಫೋನಿನಲ್ಲಿ ಮಾರಿತ್ ಸಿಟ್ಟು ಮಾಡಿರಲಿಲ್ಲ. ಸಿಟ್ಟು ಮಾಡಿದ್ದರೇ ಚೆನ್ನಾಗಿತ್ತು.

"ಜನವರಿಗೆ ಅವಳಿಗೆ ಹನ್ನೆರಡು ತುಂಬುತ್ತೆ ಗೌತೆ. ಆಮೇಲೆ ಬರೋದು, ಬಿಡೋದು ಅವಳ ಮಾತು. ನಾನು ಎಳೆಯೋಕೂ ಹೋಗಲ್ಲ, ತಳ್ಳೋಕೂ ಹೋಗಲ್ಲ."

ಹಾಗಾಗಿ ಬರುವ ಶುಕ್ರವಾರ ಅವನು ಬೆಟ್ಟ ದಾಟಲೇಬೇಕಿತ್ತು. ಕ್ರಿಸ್‌ಮಸ್ಸಿಗೆ ಕಾಯುವ ಅಡ್ವೆಂಟಿನ ಮೊದಲ ಭಾನುವಾರ ಬರುವ ವಾರಾಂತ್ಯ ಅದು. ತಾನು ಕೆಲಸ ಮಾಡುವ ಸ್ಕೀ ಇಳಿಜಾರಿನಲ್ಲಿ, ಹಿಮ ಹಾಸುವ ದೊಡ್ಡ ಯಂತ್ರದಲ್ಲಿ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಗುಡ್ಡದ ನೆತ್ತಿಯವರೆಗೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದ. ಹೋದ ವರ್ಷವೂ ಕೊಟ್ಟಿದ್ದ.

ಚಕ್ರ ಆರಿಸುವುದಕ್ಕೆ ಆ ಮಂಗಳವಾರದ ಮಧ್ಯಾಹ್ನ ಪೂರ್ತಿ ಹೋಯಿತು. ಅವನ ಬೇಸಿಗೆ ಚಕ್ರಗಳು ಹೊಂಬಣ್ಣದವು, ದೊಡ್ಡವು, ಕಡ್ಡಿಕಡ್ಡಿಯಾಗಿ ಸೂರ್ಯನ ಹಾಗೆ. ಅದೇ ಚಕ್ರಕ್ಕೆ ಅಗಲವಾದ, ಮಂಜು ಕಚ್ಚುವ ಉಕ್ಕಿನ ಮೊಳೆಗಳಿಲ್ಲದ ಚಳಿಗಾಲದ ಟೈರು ಹಾಕಿಸಿದರೆ ಹೇಗೆ ಎಂದು ಗೌತೆ ಕೇಳಿದ. ಮದುವೆ ಮೆರವಣಿಗೆಗೆ ಆಗುತ್ತೆ ಅಂದಳು ಬೊರ್ಗಿಲ್ಡ್. ಅಗಲ ಟೈರು ಹಿಮದ ಮೇಲೆ ದೋಣಿಯ ಹಾಗೆ ತೇಲುತ್ತದೆ, ಸಣ್ಣದು ಕೊರೆದು ಇಳಿದು ನೆಲ ಹಿಡಿಯುತ್ತದೆ, ಬಯಲಿನ ಮೇಲಿನ ಮಂಜುಗಡ್ಡೆಗೆ ಮೊಳೆಯೇ ಬೇಕು ಎಂದು ವಿವರಿಸಿದಳು. ಅವಳ ಮಾತು ಮುಗಿಯುವ ಮೊದಲೇ ಗೌತೆ ಒಪ್ಪಿಕೊಂಡಿದ್ದ. ಅಜ್ಜಿಯ ಕಥೆ ಅವನ ಪಕ್ಷ ವಹಿಸಿತ್ತು. ಚಿನ್ನ ಬಿಟ್ಟು ಕಬ್ಬಿಣ ಆರಿಸಿದವನು ತಾನು ಎಂದು ಎದೆಯೊಳಗೆ ಎಷ್ಟೋ ತಿಂಗಳ ಮೇಲೆ ಒಂದು ಸಣ್ಣ ಬಿಸುಪು ಹುಟ್ಟಿತು.

ಮೊದಲು ತಂದ ಕರಿಯ ಉಕ್ಕಿನ ಚಕ್ರ ಕೂರಲಿಲ್ಲ. ವೇಗವಾಗಿ ಓಡುವ ಕಾರೆಂದು ಮಾಡಿದವರು ಬ್ರೇಕನ್ನೂ ದೊಡ್ಡದಾಗಿ ಕೊಟ್ಟಿದ್ದರು. ಬೊರ್ಗಿಲ್ಡ್ ಕೈಯಲ್ಲಿ ಚಕ್ರ ತಿರುಗಿಸಿದಾಗ ಅದು ಬ್ರೇಕಿಗೆ ತಾಗಿ ಕಿರ್ ಅಂದಿತು. ಉಗ್ರಾಣದ ಹಿಂಬದಿಗೆ ಹೋಗಿ, ಯಾರೋ ಬಿಟ್ಟುಹೋದ ಬೂದುಬಣ್ಣದ, ಗೀರುಬಿದ್ದ ನಾಲ್ಕು ಚಕ್ರ ಹುಡುಕಿ ಉರುಳಿಸಿಕೊಂಡು ಬಂದಳು. ಅವು ಕೂತವು. ಅದಕ್ಕೆ ಹೊಸ ಮೊಳೆ ಟೈರು ಹಾಕಿ ಕಾರನ್ನು ಕೆಳಗಿಳಿಸಿದಾಗ ಅದು ಹಬ್ಬದ ಬಟ್ಟೆಗೆ ಗದ್ದೆಯ ಬೂಟು ಹಾಕಿಕೊಂಡವನ ಹಾಗೆ ಕಂಡಿತು.

ಬೊರ್ಗಿಲ್ಡ್ ಬಗ್ಗಿ ಕಾರಿನ ಮೂತಿಯ ಕೆಳಗೆ ಕೈ ಹಾಕಿ ನೋಡಿದಳು.

"ಇದು ಇಷ್ಟು ಗಿಡ್ಡ ಇರ್ಲಿಲ್ವಲ್ಲೋ."

ಮೂರು ಬೇಸಿಗೆಯ ಹಿಂದೆ ತಾನೇ ಸ್ಪ್ರಿಂಗು ಬದಲಿಸಿ ಮೂರು ಬೆರಳು ತಗ್ಗಿಸಿದ್ದೆ, ತಿರುವಿನಲ್ಲಿ ರಸ್ತೆಗೆ ಅಂಟಿಕೊಂಡು ಹೋಗಲಿ ಅಂತ, ಅಂದ ಗೌತೆ. ಹಳೆಯ ಸ್ಪ್ರಿಂಗು ಎಲ್ಲಿ ಎಂದಳು. ಗುಜರಿಗೆ ಹಾಕಿದ್ದೆ ಅಂದ.

"ಚಕ್ರ ನನ್ನ ಕೈಲಿತ್ತು, ಮಾಡ್ಕೊಟ್ಟೆ. ಕಾರಿನ ಹೊಟ್ಟೆ ನಿನ್ನ ಕೈಲಿತ್ತು, ನೆಲಕ್ಕಿಳಿಸ್ಬಿಟ್ಟೆ. ಈಗ ಕೇಳು ಮಗಾ, ಶುಕ್ರವಾರ ನನ್ನ ವ್ಯಾನು ತಗೊಂಡ್ಹೋಗು. ನಾಯಿ ವಾಸ್ನೆ ಇದೆ ಅಷ್ಟೆ. ಕೀ ಅದ್ರಲ್ಲೇ ಇರತ್ತೆ."

ಗೌತೆ ನಕ್ಕುಬಿಟ್ಟ. ಸುನ್ನಿವಾ ಆ ಕಾರಿಗೆ ನರಿ ಎಂದು ಹೆಸರಿಟ್ಟಿದ್ದಳು, ನಾಲ್ಕು ವರ್ಷದವಳಿದ್ದಾಗ. ಅವನು ಮನೆಯ ದೊಡ್ಡ ಕಾರು ಮಾರಿ ಅದನ್ನು ತಂದ ದಿನ ಮಾರಿತ್ ಮೆಟ್ಟಿಲ ಮೇಲೆ ನಿಂತು, ಮೂರು ಜನರ ಮನೆಗೆ ಒಬ್ಬನ ಕುದುರೆ ತಂದೆಯಾ ಅಂದಿದ್ದಳು. ಮಗು ಮಾತ್ರ ಓಡಿ ಬಂದು ಅದರ ಮೂತಿ ಸವರಿತ್ತು. ಐಡ್‌ಫ್ಯೋರ್ಡಿನ ಆ ಮನೆಯ ಕಿಟಕಿಯಲ್ಲಿ ಕೂತು, ಬಿಳಿ ಬೆಟ್ಟದಿಂದ ಕೆಂಪು ಚುಕ್ಕೆಯೊಂದು ಇಳಿದು ಬರುವುದನ್ನು ಮಗಳು ಕಾಯುತ್ತಾಳೆ. ನಾಯಿ ವಾಸನೆಯ ವ್ಯಾನಿನಲ್ಲಿ ಬಂದವನನ್ನು ಅವಳು ಹೇಗೆ ಗುರುತಿಸಬೇಕು? ಇಷ್ಟನ್ನೂ ಅವನು ಬೊರ್ಗಿಲ್ಡ್‌ಗೆ ಹೇಳಲಿಲ್ಲ. ಬೇಡ, ಬಿಡು ಅಂದ.

ಶುಕ್ರವಾರ ಅವನು ಅರ್ಧ ದಿನ ರಜೆ ಹಾಕಿ ಹೊರಟ. ಸಲಿಕೆ, ಕಂಬಳಿ, ಫ್ಲಾಸ್ಕಿನಲ್ಲಿ ಬಿಸಿ ಕೋಕೋ, ಕಂದು ಚೀಸು ಹಚ್ಚಿ ಮಡಿಸಿದ ರೊಟ್ಟಿ, ತುಂಬಿದ ಟ್ಯಾಂಕು, ಯಾವುದನ್ನೂ ಮರೆತಿರಲಿಲ್ಲ. ಮೊಳೆಗಳು ಹಿಮವನ್ನು ಕಚ್ಚಿ ಹಿಡಿಯುತ್ತಿದ್ದವು. ಏರಿನಲ್ಲಿ ಕಾರು ಒಮ್ಮೆಯೂ ಬಾಲ ಆಡಿಸಲಿಲ್ಲ. ಹೌಗಸ್ಟೋಲಿನ ಗೇಟು ತಲುಪುವಾಗ ಗಾಳಿ ಎದ್ದಿತ್ತು, ಆಚೆಗೆ ಭೂಮಿ ಆಕಾಶ ಒಂದೇ ಹಾಲು. ಎರಡು ಗಂಟೆಗೆ ಸಾಲು ಹೊರಡುತ್ತದೆ ಅಂದರು. ಅವನ ಮುಂದೆ ಒಂಬತ್ತು ಕಾರು.

ಓಡ್‌ವಾರ್ ಅನ್ನುವ ಗೇಟಿನವನು ಹಳದಿ ಕೋಟಿನಲ್ಲಿ ಒಂದೊಂದೇ ಕಾರಿನ ಹತ್ತಿರ ಬಗ್ಗುತ್ತ ಬಂದ. ಹೋದ ಸಲ ಹೆಬ್ಬೆರಳು ಆಡಿಸಿದವನೂ ಅವನೇ. ಈ ಸಲ ಟೈರು ನೋಡಿ ತಲೆಯಾಡಿಸಿದ. ಹೊಸಾದು, ಮೊಳೆ ಬೇರೆ, ಬೊರ್ಗಿಲ್ಡ್ ಕೈಕೆಲಸವಾ ಎಂದು ಕೇಳಿದ. ಹೌದೆಂದ ಗೌತೆ, ಶಾಲೆಯಲ್ಲಿ ಶಹಬ್ಬಾಸ್ ಗಿಟ್ಟಿಸಿದ ಹುಡುಗನ ಹಾಗೆ. ಮಗಳನ್ನು ಕರೆತರಲು ಹೊರಟಿದ್ದೇನೆ ಎಂದೂ ಹೇಳಿದ.

ಓಡ್‌ವಾರ್ ಮುಂದಕ್ಕೆ ಹೋದ. ಹೋದವನು ನಿಂತ. ಹಿಮದಲ್ಲಿ ಮಂಡಿಯೂರಿ ಕಾರಿನ ಮೂತಿಯ ಕೆಳಗೆ ಕೈಗವಸಿನ ಮುಷ್ಟಿ ತೂರಿಸಲು ನೋಡಿದ. ಮುಷ್ಟಿ ಹೋಗಲಿಲ್ಲ. ಕೈ ಚಪ್ಪಟೆ ಮಾಡಿದ, ಆಗ ಹೋಯಿತು.

ಅವನು ಕಿಟಕಿಯ ಹತ್ತಿರ ಬರುವಷ್ಟರಲ್ಲಿ ಗೌತೆಗೆ ಗೊತ್ತಾಗಿತ್ತು. ಆದರೂ ಕಿಟಕಿ ಇಳಿಸಿದ.

"ಮೇಲೆ ರಸ್ತೆ ಮೇಲೇ ಹಿಮ ಇಷ್ಟೆತ್ತರ ಕೂತಿದೆ. ನೀನು ಅದರ ಮೇಲೆ ಹೊಟ್ಟೆ ಹಾಕ್ಕೊಂಡು ಕೂತ್ರೆ ಚಕ್ರ ಗಾಳೀಲಿ ತಿರುಗುತ್ತೆ, ಮೊಳೆ ಇದ್ರೂ ಅಷ್ಟೆ, ಇಲ್ದಿದ್ರೂ ಅಷ್ಟೆ. ನಿನ್ನ ಹಿಂದೆ ಮಕ್ಕಳುಮರಿ ಇರೋ ಹತ್ತು ಕಾರು ನಿಲ್ಲುತ್ತೆ. ಆಗಲ್ಲ ತಮ್ಮಾ."

ಗೌತೆ ಮಾತಾಡಿದ. ಏನು ಮಾತಾಡಿದೆ ಎಂದು ಆಮೇಲೆ ಅವನಿಗೇ ನೆನಪಿರಲಿಲ್ಲ. ಚಕ್ರ ಆರಿಸಿದ್ದು, ಚಿನ್ನದ್ದು ಬಿಟ್ಟು ಬೂದುಬಣ್ಣದ್ದು ಹಾಕಿಸಿದ್ದು, ಸಲಿಕೆ ತಂದದ್ದು, ಎಲ್ಲ ಹೇಳಿದನೇನೋ. ಓಡ್‌ವಾರ್ ಕೇಳಿಸಿಕೊಂಡ, ಕನಿಕರದಿಂದಲೇ ಕೇಳಿಸಿಕೊಂಡ. ಇನ್ನು ಮೂರು ಬೆರಳು ಎತ್ತರ ಇದ್ದಿದ್ದರೂ ಬಿಡುತ್ತಿದ್ದೆ ಅಂದ. ನಾಲ್ಕು ಗಂಟೆಯ ಸಾಲಿನ ಹೊತ್ತಿಗೆ ಗಾಳಿ ಇಳಿದರೆ ನೋಡೋಣ ಎಂದು ಹೇಳಿ, ಪಕ್ಕದ ಜಾಗಕ್ಕೆ ಸರಿಯಲು ಕೈ ತೋರಿಸಿದ.

ಗೇಟು ಎದ್ದಿತು. ಲಾರಿಯ ಕಿತ್ತಳೆ ದೀಪ ತಿರುಗುತ್ತ ಹಾಲಿನೊಳಗೆ ಇಳಿಯಿತು. ಅದರ ಹಿಂದೆ ಹಳೆಯ ಡಬ್ಬಾ ಕಾರುಗಳು, ಮೀನಿನ ವ್ಯಾನು, ತಲೆಯ ಮೇಲೆ ಸ್ಕೀ ಹೊತ್ತ ಸಂಸಾರಗಳು ಒಂದೊಂದಾಗಿ ಹೋದವು. ಅಜ್ಜಿಯ ಕಥೆಯಲ್ಲಿ ಕುದುರೆಯ ಕಾಲು ಎಷ್ಟುದ್ದ ಇತ್ತು ಎಂದು ಅವಳೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಮಗಳಿಗೆ ಫೋನು ಮಾಡಿದ. ಹಿಂದಿನ ಸಲಗಳಲ್ಲಿ ಅವಳು ಅತ್ತದ್ದುಂಟು, ಒಮ್ಮೆ ಫೋನು ಇಟ್ಟುಬಿಟ್ಟದ್ದೂ ಉಂಟು. ಈ ಸಲ ಸರಿ ಪಪ್ಪಾ ಅಂದಳು. ಅವಳ ಹಿಂದೆ ಎಲ್ಲೋ ರೇಡಿಯೋ ಹಾಡುತ್ತಿತ್ತು. ನಾಲ್ಕಕ್ಕೆ ಇನ್ನೊಂದು ಸಾಲಿದೆ, ಆರೂವರೆಗೆ ಬಂದುಬಿಡುತ್ತೇನೆ, ಬ್ಯಾಗು ಬಾಗಿಲ ಹತ್ತಿರವೇ ಇರಲಿ ಎಂದು ಗೌತೆ ಹೇಳಿದ.

"ಬ್ಯಾಗು ಕಟ್ಟಿಲ್ಲ ಪಪ್ಪಾ. ಈ ಸಲ ಕಟ್ಲೇ ಇಲ್ಲ. ನಮ್ಮ ಕ್ಲಾಸಿನ ತೂವಾ ಮನೇಲಿ ಬಿಸ್ಕತ್ತು ಮಾಡ್ತೀವಿ, ಅವಳಮ್ಮ ಈಗ ಬರ್ತಾರೆ ಕರ್ಕೊಂಡ್ಹೋಗೋಕೆ."

ಆಮೇಲೆ ಅವಳೇ, ನರೀಲೇ ಬಂದೆಯಾ ಎಂದು ಕೇಳಿದಳು. ಹೂಂ, ನೀನು ಕಿಟಕೀಲಿ ನೋಡ್ತಿರ್ತೀಯಲ್ಲ ಅಂತ, ಅಂದ ಗೌತೆ.

"ಪಪ್ಪಾ, ಅದ್ರಲ್ಲಿ ಕೂತ್ರೆ ಹಿಮದ ಗೋಡೆ ಬಿಟ್ಟು ಏನೂ ಕಾಣಲ್ಲ. ಚಿಕ್ಕೋಳಿದ್ದಾಗಿಂದ ನಂಗೆ ಹೆದ್ರಿಕೆ. ಕಣ್ಣು ಮುಚ್ಕೊಂಡಿರ್ತಿದ್ದೆ, ನಿದ್ದೆ ಬಂದಿದೆ ಅಂದ್ಕೋತಿದ್ದೆ ನೀನು."

"ಹೇಳ್ಬಾರ್ದಿತ್ತಾ ಪುಟ್ಟಾ?"

"ನಿಂಗಿಷ್ಟ ಇತ್ತಲ್ಲ ಅದು."

ತೂವಾಳ ಅಮ್ಮನ ಕಾರು ಬಂತು ಎಂದು ಅವಳು ಫೋನು ಇಟ್ಟಳು.

ಮೂರೂವರೆಗೆ ಹೊತ್ತು ಮುಳುಗಿತು. ಗಾಳಿ, ಯಾರೋ ಬಾಗಿಲು ಹಾಕಿದ ಹಾಗೆ, ಥಟ್ಟನೆ ನಿಂತಿತು. ಬಯಲಿನ ಮೇಲೆ ನೀಲಿ ನೀಲಿಯಾಗಿ ಎಲ್ಲವೂ ಕಾಣಿಸಿತು, ಹಿಮ ಬಳಿದು ತೆಗೆದ ರಸ್ತೆ, ಅಂಚಿಗೆ ನೆಟ್ಟ ಕೋಲಿನ ಗುರುತುಗಳ ನಡುವೆ ಹೊಲಿಗೆಯ ಹಾಗೆ ದೂರದವರೆಗೆ ಹೋಗಿತ್ತು. ಓಡ್‌ವಾರ್ ಬಂದು ಗಾಜು ತಟ್ಟಿದ. ಲಾರಿ ಎರಡು ಸಲ ಬಳಿದು ಬಂದಿದೆ, ಈಗ ನಿನ್ನ ಗಿಡ್ಡನೂ ಹೋಗಬಹುದು, ಲಾರಿಯ ಹಿಂದೆಯೇ ಇರು, ಮಗಳು ಕಾಯುತ್ತಿರುತ್ತಾಳೆ ಎಂದು ಖುಷಿಯಿಂದ ಹೇಳಿದ. ಗೌತೆ ತಲೆಯಾಡಿಸಿದ. ಥ್ಯಾಂಕ್ಸ್ ಎಂದ, ಕಾರನ್ನು ಸಾಲಿನ ತಲೆಗೆ ತಂದು ನಿಲ್ಲಿಸಿದ. ಗೇಟು ಎದ್ದಿತು. ಲಾರಿ ಹೊರಟಿತು, ಹಿಂದಿನವನು ಹಾರ್ನು ಹೊಡೆದ, ಕಾದ, ಕೊನೆಗೆ ಪಕ್ಕದಿಂದ ಸುತ್ತಿಕೊಂಡು ಹೋದ. ಒಬ್ಬೊಬ್ಬರಾಗಿ ಎಲ್ಲರೂ ಸುತ್ತಿಕೊಂಡು ಹೋದರು. ಗೇಟು ಇಳಿಯುವವರೆಗೆ ಅವನು ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕೂತೇ ಇದ್ದ. ಆಮೇಲೆ ಕಾರನ್ನು ಊರಿನ ಕಡೆಗೆ ತಿರುಗಿಸಿದ.

ಇಳಿಜಾರಿನ ಕೆಳಗೆ ರಸ್ತೆಗೆ ಉಪ್ಪು ಹಾಕಿದ್ದರು, ಡಾಂಬರು ಒಣಗಿ ಕರ್ರಗಿತ್ತು. ಕಚ್ಚಲು ಹಿಮವಿಲ್ಲದ ನೂರಾರು ಮೊಳೆಗಳು ಊರಿನವರೆಗೂ ನೆಲವನ್ನು ಕೆರೆಯುತ್ತ, ಕಿಟಿಕಿಟಿ ಹಲ್ಲು ಕಡಿಯುತ್ತ ಬಂದವು. ಫ್ಲಾಸ್ಕಿನ ಕೋಕೋ ಇನ್ನೂ ಬಿಸಿಯಿತ್ತು. ಅವನು ಅದನ್ನು ತೆರೆಯಲಿಲ್ಲ.

ಟೈರು ಅಂಗಡಿಯ ಬಾಗಿಲು ಹಾಕಿತ್ತು. ಹೊರಗೆ ಬೊರ್ಗಿಲ್ಡ್‌ಳ ವ್ಯಾನು ಎತ್ತರದ ಕಾಲುಗಳ ಮೇಲೆ ನಿಂತಿತ್ತು. ಅದರ ಮುಂದಿನ ಗಾಜಿನ ಹಿಮವನ್ನು ಯಾರೋ ಬೆಳಿಗ್ಗೆಯೇ ಕೆರೆದು ಶುಚಿ ಮಾಡಿಟ್ಟಿದ್ದರು. ಈಗ ಅದರ ಮೇಲೆ ಮತ್ತೆ ತೆಳುವಾಗಿ ಹಿಮ ಕೂತಿತ್ತು.